ಬೀಗ ಅಡ್ಡಗೆರೆ ರಹಸ್ಯ

ಚಾವಿಯಣ್ಣನಿಗೆ ಬಗ್ಗದ ಬೀಗ ಈ ಭೂಮಿಯ ಮೇಲೆ ಇನ್ನೂ ತಯಾರಾಗಿಲ್ಲ ಎಂದು ಆ ಬೀದಿಯ ಜನ ನಂಬಿದ್ದರು. ಹಾಗೆ ನಂಬುವಂತೆ ನೋಡಿಕೊಂಡವನು ಚಾವಿಯಣ್ಣನೇ. ಕ್ಷೌರದಂಗಡಿಗೂ ಹೊಲಿಗೆಯಂಗಡಿಗೂ ನಡುವೆ, ಒಬ್ಬ ಮನುಷ್ಯ ಮತ್ತು ಒಂದು ಚಾವಿ ಕೊರೆಯುವ ಯಂತ್ರ ಹಿಡಿಸುವಷ್ಟೇ ಅಗಲದ ಅಂಗಡಿ ಅವನದು. ಗಿರಾಕಿ ಒಳಗೆ ಬರಬೇಕೆಂದರೆ ಚಾವಿಯಣ್ಣ ಹೊರಗೆ ಬರಬೇಕು. ಗೋಡೆಯ ತುಂಬ ಇನ್ನೂ ಕೊರೆಯದ ಚಾವಿಗಳು, ಮೇಜಿನ ಮೇಲೆ ಅರ, ಚಿಮುಟ, ಎಣ್ಣೆಯ ಡಬ್ಬಿ, ಹೊಟ್ಟೆ ಬಿಚ್ಚಿಸಿಕೊಂಡು ಅಂಗಾತ ಮಲಗಿದ ನಾಲ್ಕಾರು ಬೀಗಗಳು. ಯಾರಾದರೂ ಕೆಟ್ಟ ಬೀಗ ತಂದುಕೊಟ್ಟರೆ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಕಣ್ಣು ಮುಚ್ಚಿಕೊಂಡು, "ಪ್ರತಿಯೊಂದು ಬೀಗಕ್ಕೂ ಒಂದು ರಹಸ್ಯ ಇರುತ್ತೆ ಸ್ವಾಮಿ" ಎನ್ನುತ್ತಿದ್ದ. ಗಿರಾಕಿಗೆ ಬೇಕಾಗಿದ್ದದ್ದು ರಹಸ್ಯವಲ್ಲ, ತನ್ನ ಮನೆಯೊಳಗೆ ಹೋಗುವುದು. ಆದರೂ ತಲೆಯಾಡಿಸುತ್ತಿದ್ದ.

ಇಂಥವನ ಒಬ್ಬಳೇ ಮಗಳು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದಳು. ಅದೇ ಆಸ್ಪತ್ರೆಯ ಔಷಧಿ ವಿಭಾಗದ ಹುಡುಗನೊಬ್ಬ ಅವಳನ್ನು ಮೆಚ್ಚಿದ, ಅವಳೂ ಮೆಚ್ಚಿದಳು, ಎರಡೂ ಮನೆಯವರು ಒಪ್ಪಿದರು. ಎಲ್ಲವೂ ಎಷ್ಟು ಸಲೀಸಾಗಿ ನಡೆಯಿತೆಂದರೆ ಚಾವಿಯಣ್ಣನ ಹೆಂಡತಿಗೆ ಭಯವೇ ಆಗಿತ್ತು.

ಹುಡುಗನ ತಂದೆ ತೂಕ ಮತ್ತು ಅಳತೆ ಇಲಾಖೆಯ ನಿವೃತ್ತ ಅಧಿಕಾರಿಗಳು. ದಪ್ಪ ಮೀಸೆ, ದಪ್ಪ ಕನ್ನಡಕ. ಬಿಸ್ಕತ್ತು ಕೊಟ್ಟರೆ ತಿನ್ನುವ ಮುಂಚೆ ಅಂಗೈಯಲ್ಲಿಟ್ಟು ಒಂದು ಸಲ ಮೇಲೆ ಕೆಳಗೆ ಆಡಿಸುತ್ತಿದ್ದರು. ಮಾತನ್ನೂ ಹಾಗೆಯೇ ತೂಗಿ ಆಡುತ್ತಿದ್ದರು. ಮೊದಲ ಸಲ ಮನೆಗೆ ಬಂದಾಗ ಚಹಾ ಕುಡಿದು, ಲೋಟ ಕೆಳಗಿಟ್ಟು, ಹೀಗೆಂದರು:

"ಎಲ್ಲ ಸರಿ. ಆದ್ರೆ ನಿಮ್ಮ ಅಂಗಡಿ ವಿಚಾರ ಇಂಟರ್ನೆಟ್ಟಿನಲ್ಲಿ ಹುಡುಕಿ ನೋಡಿದೆ. ಎಲ್ಲೂ ಇಲ್ಲವಲ್ಲ ನೀವು?"

ಅಷ್ಟೇ. ಅವರು ಮರೆತು ಹೊರಟುಹೋದರು. ಚಾವಿಯಣ್ಣ ಮಾತ್ರ ಆ ಮಾತನ್ನು ನುಂಗಲೂ ಆಗದೆ ಉಗುಳಲೂ ಆಗದೆ ಒದ್ದಾಡಿದ.

"ನಾನು ಇಲ್ಲವಂತೆ ಕಣೇ" ಎಂದು ಹೆಂಡತಿಯ ಮುಂದೆ ಅಲವತ್ತುಕೊಂಡ.

"ಇದ್ದೀರಲ್ಲ, ಕಾಣಿಸ್ತಿದ್ದೀರಿ. ಬಕೆಟ್ಟಿನಲ್ಲಿರೋ ಬಟ್ಟೆ ಒಣಹಾಕಿ ಬನ್ನಿ."

ಬಟ್ಟೆ ಒಣಹಾಕುತ್ತಲೇ ಅವನು ತೀರ್ಮಾನಿಸಿದ: ಮದುವೆಗೆ ಮುಂಚೆ ತಾನೂ ಇಂಟರ್ನೆಟ್ಟಿನಲ್ಲಿ ಇರಬೇಕು. ಇದ್ದರೆ ಹೇಗಿರಬೇಕೆಂದರೆ ಅಧಿಕಾರಿಗಳು ನೋಡಿದ ಕೂಡಲೇ ಕನ್ನಡಕ ಒರೆಸಿಕೊಳ್ಳಬೇಕು.

ಕೆಲಸ ವಹಿಸಿದ್ದು ಜೆರಾಕ್ಸ್ ಬಾಮೈದನಿಗೆ. ಹೆಂಡತಿಯ ತಮ್ಮನಾದ ಇವನಿಗೆ ಜೆರಾಕ್ಸ್ ಅಂಗಡಿಯಿತ್ತು. ಅದರ ಜೊತೆಗೆ ವೆಬ್‌ಸೈಟುಗಳನ್ನೂ ಮಾಡಿಕೊಡುವುದಾಗಿ ಬಾಗಿಲಿಗೆ ಬೋರ್ಡು ತೂಗುಹಾಕಿದ್ದ. ಅಲ್ಲಿಯವರೆಗೆ ಅವನು ಮಾಡಿದ್ದದ್ದು ಒಂದೇ ವೆಬ್‌ಸೈಟು. ಅದು ಅವನದೇ ಅಂಗಡಿಯದು, ಮತ್ತು ಅದು ತೆರೆದುಕೊಳ್ಳುತ್ತಿರಲಿಲ್ಲ.

ಹೆಸರಿನ ಬಗ್ಗೆ ಚಾವಿಯಣ್ಣನಿಗೆ ಅನುಮಾನವೇ ಇರಲಿಲ್ಲ. "ಬೀಗ ರಹಸ್ಯ! ಜೀವಮಾನವೆಲ್ಲ ನಾನು ಹೇಳಿಕೊಂಡು ಬಂದಿರೋದು ಅದೇ."

"ಚೆನ್ನಾಗಿದೆ ಭಾವ. ನಡುವೆ ಒಂದು ಅಡ್ಡಗೆರೆ ಹಾಕ್ತೀನಿ. ಬೀಗ, ಗೆರೆ, ರಹಸ್ಯ. ನೋಡೋಕೆ ನೀಟಾಗಿರುತ್ತೆ."

ಇಷ್ಟು ಹೊತ್ತೂ ಸುಮ್ಮನೆ ಕುಳಿತಿದ್ದ ಕ್ಷೌರದಂಗಡಿಯವನು ಆಗ ಬಾಯಿ ಹಾಕಿದ. ಅವನು ಎಲ್ಲ ವಿಷಯದಲ್ಲೂ ಅಭಿಪ್ರಾಯ ಇಟ್ಟುಕೊಂಡವನು. ಕುತ್ತಿಗೆಯ ಮೇಲೆ ಕತ್ತಿ ಇರುವಾಗ ಗಿರಾಕಿಗಳು ಎದುರು ಮಾತಾಡುತ್ತಿರಲಿಲ್ಲವಾದ್ದರಿಂದ ತಾನು ಹೇಳುವುದೆಲ್ಲ ಸರಿ ಎಂಬ ಭಾವನೆ ಅವನಲ್ಲಿ ಬೇರೂರಿತ್ತು. "ಗೆರೆ ಹಾಕಿದ್ರೆ ಕೆಟ್ಟಿರಿ. ಫೋನಲ್ಲಿ ವಿಳಾಸ ಕೇಳಿದವರಿಗೆ ಆ ಗೆರೇನ ಹೇಗೆ ಹೇಳ್ತೀರಿ? ಬೇಕಾದ್ರೆ ಈಗಲೇ ಪರೀಕ್ಷೆ ಮಾಡಿ."

ಪರೀಕ್ಷೆಗೆ ಚಾವಿಯಣ್ಣನ ಅಕ್ಕನನ್ನು ಆರಿಸಿದರು. ಅವಳಿಗೆ ಫೋನು ಹಚ್ಚಿ ಎಲ್ಲರೂ ಸುತ್ತ ಕುಳಿತರು.

"ಅಕ್ಕಾ, ನಾನು ಹೇಳಿದ ಹಾಗೆ ಒತ್ತುತ್ತಾ ಹೋಗು. ಬೀಗ."

"ಹೂಂ."

"ಅಡ್ಡಗೆರೆ."

"ಹೂಂ."

"ರಹಸ್ಯ. ಈಗ ಏನು ಬಂದಿದೆ ಓದು."

"ಬೀಗ ಅಡ್ಡಗೆರೆ ರಹಸ್ಯ."

"ಅಡ್ಡಗೆರೆ ಅಂತ ಅಕ್ಷರದಲ್ಲಿ ಬರೆದಿದ್ದೀಯೇನೇ?"

"ನೀನೇ ತಾನೇ ಹೇಳಿದ್ದು? ನಂಗೇನು ಕನಸು ಬಿದ್ದಿತ್ತಾ?"

ಬಾಮೈದ ಫೋನು ಕಸಿದುಕೊಂಡ. "ಅಕ್ಕಾ, ಹೈಫನ್ ಹಾಕಿ, ಹೈಫನ್."

"ಅದ್ಯಾವ ಫೋನೋ? ನನ್ನ ಹತ್ರ ಇರೋದು ಮಾಮೂಲಿ ಫೋನು."

"ಮೈನಸ್ ಅನ್ನಿ, ಮೈನಸ್" ಎಂದು ಕ್ಷೌರದಂಗಡಿಯವನು ಪಿಸುಗುಟ್ಟಿದ.

"ಅಕ್ಕಾ, ಬೀಗ ಮೈನಸ್ ರಹಸ್ಯ!"

ಆ ಕಡೆ ಏನೋ ಲೆಕ್ಕ ಗುಣುಗುಣಿಸುವುದು ಕೇಳಿಸಿತು. ಆಮೇಲೆ ಅಕ್ಕ ಅಳುಕುತ್ತಾ ಕೇಳಿದಳು: "ಎಷ್ಟು ಉಳೀಬೇಕು?"

ಅಲ್ಲಿಗೆ ಅಡ್ಡಗೆರೆಯ ಆಯುಸ್ಸು ಮುಗಿಯಿತು. ಕೊನೆಯ ಮೊಳೆ ಹೊಡೆದದ್ದು ಚಾವಿಯಣ್ಣನ ಹೆಂಡತಿ. "ಮಗಳ ಮದುವೆ ಮಾತು ನಡೀತಿರೋವಾಗ ಎರಡರ ನಡುವೆ ಗೆರೆ ಎಳೀತಾರಾ ಯಾರಾದ್ರೂ? ಕೂಡಿಸಿ ಬರೀರಿ, ಎಲ್ಲ ಕೂಡಿ ಬರಲಿ."

"ಕೂಡಿಸಿ ಬರೆದ್ರೆ ಜನ ಎಲ್ಲಿ ಬೇಕಾದ್ರೂ ಒಡೆದು ಓದ್ತಾರೆ ಭಾವ" ಎಂದು ಬಾಮೈದ ಗೊಣಗಿದ.

"ನನ್ನ ಬೀಗ ಒಡೆಯೋ ಗಂಡು ಯಾರಿದ್ದಾನೋ!" ಎಂದು ಚಾವಿಯಣ್ಣ ಎದೆ ತಟ್ಟಿಕೊಂಡ.

ಹೀಗೆ ಇಂಗ್ಲಿಷ್ ಅಕ್ಷರಗಳು ಒಂದರ ಬೆನ್ನಿಗೊಂದು ಅಂಟಿಕೊಂಡು ಪರದೆಯ ಮೇಲೆ ಮೂಡಿದವು: beegarahasya. ಡಾಟ್ ಕಾಮ್. ಅದು ಏನೆಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಮೊದಲೇ ಗೊತ್ತಿತ್ತಾದ್ದರಿಂದ ಅದು ಇನ್ನೇನಾದರೂ ಆಗಬಹುದೆಂದು ಒಬ್ಬರಿಗೂ ಹೊಳೆಯಲಿಲ್ಲ.

ಪುಟದೊಳಗಿನ ಮಾತುಗಳನ್ನು ಚಾವಿಯಣ್ಣ ಕೈ ಹಿಂದೆ ಕಟ್ಟಿಕೊಂಡು, ಕೋಣೆಯಲ್ಲಿ ಅತ್ತಿಂದಿತ್ತ ತಿರುಗುತ್ತಾ ಹೇಳಿ ಬರೆಸಿದ. ಅವುಗಳಲ್ಲಿ ಕೆಲವು ಹೀಗಿದ್ದವು:

"ಹಳೇ ಬೀಗ ಹಟ ಮಾಡುತ್ತಿದೆಯೇ? ಎರಡು ಹನಿ ಎಣ್ಣೆ ಬಿಟ್ಟು ತಲೆಯ ಮೇಲೆ ಮೆತ್ತಗೆ ತಟ್ಟಿ."

"ನೋಡಲು ದಪ್ಪವಾಗಿದ್ದ ಮಾತ್ರಕ್ಕೆ ಬೀಗ ಗಟ್ಟಿ ಎಂದುಕೊಳ್ಳಬೇಡಿ. ಎಷ್ಟೋ ಬೀಗ ಒಳಗೆ ಟೊಳ್ಳು."

"ಬೆಳಗ್ಗೆ ಬೆಳಗ್ಗೆ ಕೆಲವು ಬೀಗ ಬಾಯಿ ಬಿಡುವುದಿಲ್ಲ. ಸ್ವಲ್ಪ ಬಿಸಿ ತಾಗಿಸಿದರೆ ಸರಿಹೋಗುತ್ತದೆ."

"ನಿಮ್ಮ ಬೀಗ ಪೂರಾ ಕೆಟ್ಟಿದೆಯೇ? ಅಂಜಬೇಡಿ. ನಮಗೆ ಒಪ್ಪಿಸಿ. ಬಿಚ್ಚಿ, ತೊಳೆದು, ಒಣಗಿಸಿ ಕೊಡುತ್ತೇವೆ."

ಮೇಲ್ಗಡೆ ಬಾಮೈದ ತನ್ನ ಕಲೆಯನ್ನೆಲ್ಲ ಧಾರೆಯೆರೆದು ಒಂದು ಬೀಗದ ಚಿತ್ರ ಹಾಕಿದ್ದ. ಅದಕ್ಕೆ ಕಣ್ಣು, ಮೂಗು, ದಪ್ಪ ಮೀಸೆ, ದಪ್ಪ ಕನ್ನಡಕ. "ಮುಖದಲ್ಲಿ ಏನು ಗಾಂಭೀರ್ಯ!" ಎಂದು ಚಾವಿಯಣ್ಣ ಮೆಚ್ಚಿಕೊಂಡ. ಎಲ್ಲೋ ನೋಡಿದ ಮುಖ ಅನ್ನಿಸಿತು, ಎಲ್ಲೆಂದು ನೆನಪಾಗಲಿಲ್ಲ.

ಪುಟ ತೆರೆದುಕೊಂಡ ಕೂಡಲೇ, ಈ ಸಲ ಅದು ನಿಜವಾಗಿಯೂ ತೆರೆದುಕೊಂಡಿತು, ಅವನು ಮಾಡಿದ ಮೊದಲ ಕೆಲಸವೆಂದರೆ ಅದರ ವಿಳಾಸವನ್ನು ಅಧಿಕಾರಿಗಳಿಗೆ ಕಳಿಸಿದ್ದು. ಜೊತೆಗೊಂದು ಒಕ್ಕಣೆ: "ಮಾನ್ಯರೇ, ತಾವು ಅಂದು ನಮ್ಮ ಮನೆಗೆ ಬಂದು ಹೋದ ಮೇಲೆಯೇ ಇದು ಹೊಳೆದದ್ದು. ಇದಕ್ಕೆಲ್ಲ ತಾವೇ ಪ್ರೇರಣೆ. ತಮ್ಮ ಬಂಧುಬಳಗಕ್ಕೂ ತೋರಿಸಿ. ನಾಲ್ಕು ಜನ ನೋಡಿ ಸಂತೋಷಪಡಲಿ."

ಅಧಿಕಾರಿಗಳಿಂದ ಉತ್ತರ ಬರಲಿಲ್ಲ. ಬೇರೆ ಫೋನುಗಳು ಬರತೊಡಗಿದವು.

ಮೊದಲನೆಯದು ಒಬ್ಬ ಹೆಂಗಸಿನದು. "ಅಣ್ಣಾ, ನಿಮ್ಮದು ಓದಿದೆ. ನಮ್ಮನೇದೂ ಅದೇ ಗೋಳು. ನಮ್ಮ ಬೀಗ ಒಂದು ಸಲ ಬಂದು ಕೂತ್ರೆ ಮುಗೀತು. ಅಲ್ಲಾಡೋದೇ ಇಲ್ಲ."

"ಜಾಮ್ ಆಗಿದೆ" ಎಂದ ಚಾವಿಯಣ್ಣ ವೈದ್ಯನ ಗತ್ತಿನಲ್ಲಿ. "ಎಷ್ಟು ಹಳೇದು?"

"ಎಪ್ಪತ್ತು ದಾಟಿದೆ ಅಣ್ಣಾ."

"ಅಬ್ಬಾ! ಆಗಿನ ಕಾಲದ ಮಾಲು ಬಲು ಗಟ್ಟಿ. ಎಣ್ಣೆ ಬಿಟ್ಟು ನೋಡಿದ್ರಾ?"

"ಎಣ್ಣೇನಾ? ಎಲ್ಲಿಗೆ ಬಿಡಬೇಕು?"

"ಬಾಯಿಗೇ ಬಿಡಿ. ಬಿಟ್ಟು, ತಲೆಕೆಳಗು ಮಾಡಿ ಸ್ವಲ್ಪ ಹೊತ್ತು ನೇತುಹಾಕಿ. ಆಮೇಲೆ ಸಣ್ಣ ಸುತ್ತಿಗೆ ತಗೊಂಡು ಎರಡೂ ಕಡೆ..."

ಆ ಕಡೆ ಒಬ್ಬರಲ್ಲ, ಮನೆ ಮಂದಿಯೆಲ್ಲ ನಗುತ್ತಿರುವುದು ಕೇಳಿಸಿತು. ಹೆಂಗಸಿಗೆ ಉಸಿರೇ ಸಿಗುತ್ತಿರಲಿಲ್ಲ. "ಅಷ್ಟಕ್ಕೂ ಬಗ್ಗದಿದ್ರೆ?"

"ಒಂದು ಚೀಲದಲ್ಲಿ ಹಾಕಿ ಇಲ್ಲಿಗೆ ತಂದ್ಬಿಡಿ."

ಫೋನು ಕೆಳಗೆ ಬಿದ್ದ ಸದ್ದಾಯಿತು. ಚಾವಿಯಣ್ಣ ಕ್ಷೌರದಂಗಡಿಯವನ ಕಡೆ ತಿರುಗಿ, "ಬೀಗ ಕೆಟ್ಟು ಕೂತಿದ್ರೂ ಎಷ್ಟು ಸಂತೋಷವಾಗಿದ್ದಾರೆ ನೋಡಪ್ಪ ಜನ. ಬದುಕಿದ್ರೆ ಹೀಗೆ ಬದುಕಬೇಕು" ಎಂದ.

ಹೊಲಿಗೆಯಂಗಡಿಯವನು ಟೇಪು ಕುತ್ತಿಗೆಗೆ ಹಾಕಿಕೊಂಡೇ ಬಂದು ಕೈ ಕುಲುಕಿದ. "ಎಂಥ ಧೈರ್ಯ ಮಾರಾಯ್ರೇ ನಿಮಗೆ! ನಾನಾಗಿದ್ರೆ ಮದುವೆ ಆಗೋವರೆಗಾದ್ರೂ ಬಾಯಿ ಮುಚ್ಕೊಂಡಿರ್ತಿದ್ದೆ." ಇದೂ ಒಂದು ಹೊಗಳಿಕೆಯೆಂದು ಚಾವಿಯಣ್ಣ ತಲೆ ಬಾಗಿಸಿ ಸ್ವೀಕರಿಸಿದ.

ಕೊನೆಗೆ ಅಧಿಕಾರಿಗಳ ಫೋನು ಬಂತು. ಚಾವಿಯಣ್ಣ ಯಂತ್ರ ನಿಲ್ಲಿಸಿ, ಎದ್ದು ನಿಂತು ಮಾತಾಡಿದ.

"ನೋಡಿದೆ" ಎಂದರು ಅಧಿಕಾರಿಗಳು.

"ದೊಡ್ಡ ಮಾತು ಸಾರ್. ಹೇಗಿದೆ?"

"ಒಂದೊಂದು ಸಾಲನ್ನೂ ತೂಗಿ ನೋಡಿದೆ."

"ತಾವು ತೂಗಿದ್ರೇನೇ ಅದಕ್ಕೆ ಬೆಲೆ ಸಾರ್."

"ಇದೆಲ್ಲ ನಿಮ್ಮ ಮನಸ್ಸಿನಲ್ಲಿ ಮೊದಲಿಂದಲೂ ಇತ್ತಾ?"

"ವರ್ಷಾನುಗಟ್ಟಲೆಯಿಂದ ಇತ್ತು ಸಾರ್. ಆದ್ರೆ ಆ ಟೊಳ್ಳಿನ ವಿಚಾರ ಮಾತ್ರ ತಮ್ಮನ್ನ ನೋಡಿದ ಮೇಲೇನೇ ಹೊಳೆದದ್ದು." ತೂಕದ ಇಲಾಖೆಯವರಿಗೆ ಟೊಳ್ಳು ಮಾಲಿನ ಸಂಗತಿ ಹಿಡಿಸುತ್ತದೆಂಬುದು ಚಾವಿಯಣ್ಣನ ಲೆಕ್ಕಾಚಾರ.

ಅಧಿಕಾರಿಗಳ ದನಿ ಗಟ್ಟಿಯಾಯಿತು. "ಭಾನುವಾರ ನಾವು ಬರ್ತೀವಿ. ಮಾತಾಡೋದಿದೆ."

ಚಾವಿಯಣ್ಣ ಕುಣಿಯುತ್ತಾ ಮನೆಗೆ ಹೋಗಿ ಹೆಂಡತಿಗೆ ಸುದ್ದಿ ಮುಟ್ಟಿಸಿದ. "ಖುದ್ದಾಗಿ ಬಂದು ಅಭಿನಂದಿಸ್ತಾರಂತೆ! ಒಳ್ಳೇ ಬಿಸ್ಕತ್ತು ತರಿಸು, ತೂಕ ಇರೋವಂಥದ್ದು."

ಆ ಸಂಜೆ ಮಗಳು ಆಸ್ಪತ್ರೆಯಿಂದ ಬಂದವಳು ಚಪ್ಪಲಿ ಬಿಡದೆಯೇ ಒಳಗೆ ಬಂದಳು. "ಅಪ್ಪಾ, ಏನು ಮಾಡಿಟ್ಟಿದ್ದೀರಿ?"

"ಬೀಗ ರಹಸ್ಯ" ಎಂದ ಚಾವಿಯಣ್ಣ ಬೀಗುತ್ತಾ.

ಮಗಳು ಫೋನನ್ನು ಅವನ ಮೂಗಿನ ಹತ್ತಿರ ಹಿಡಿದಳು. "ಸರಿಯಾಗಿ ನೋಡಿ. ಎಲ್ಲರೂ ಹೇಗೆ ಓದ್ತಿದ್ದಾರೆ ಗೊತ್ತಾ? ಬೀಗರ. ಹಾಸ್ಯ. ಬೀಗರ ಹಾಸ್ಯ! ಇಂಗ್ಲಿಷಲ್ಲಿ ಬರೆದ್ರೆ ಹ ಯಾವುದು, ಹಾ ಯಾವುದು? ಮದುವೆಗೆ ಮುಂಚೇನೇ ಬೀಗರನ್ನ ಆಡಿಕೊಳ್ಳೋಕೆ ವೆಬ್‌ಸೈಟ್ ಮಾಡ್ಸಿದ ಅಪ್ಪ ನೀವೊಬ್ಬರೇ ಅಂತ ಆಸ್ಪತ್ರೆಯಲ್ಲೆಲ್ಲ ನಗಾಡ್ತಿದ್ದಾರೆ. ಅವರ ಮನೇಲಿ ನಗ್ತಿಲ್ಲ. ಈ ಸಂಬಂಧ ಬೇಡ ಅಂತ ಹೇಳೋಕೇ ಭಾನುವಾರ ಬರ್ತಿರೋದು."

ಚಾವಿಯಣ್ಣ ಫೋನು ಇಸಿದುಕೊಂಡು, ತಾನೇ ಬರೆಸಿದ ಸಾಲುಗಳನ್ನು ಮೊದಲ ಸಲವೆಂಬಂತೆ ಓದಿದ. ಹಳೇ ಬೀಗ ಹಟ ಮಾಡುತ್ತಿದೆಯೇ? ತಲೆಯ ಮೇಲೆ ಮೆತ್ತಗೆ ತಟ್ಟಿ. ಎಷ್ಟೋ ಬೀಗ ಒಳಗೆ ಟೊಳ್ಳು. ಬಿಚ್ಚಿ, ತೊಳೆದು, ಒಣಗಿಸಿ ಎಂಬಲ್ಲಿಗೆ ಬರುವಷ್ಟರಲ್ಲಿ ಅವನು ಕಣ್ಣುಜ್ಜಿಕೊಂಡು ಮತ್ತೆ ಓದಿದ. ಮೇಲಿನ ಚಿತ್ರವನ್ನು ಇನ್ನೊಮ್ಮೆ ನೋಡಿದ. ಆ ಮೀಸೆ, ಆ ಕನ್ನಡಕ ಎಲ್ಲಿ ನೋಡಿದ್ದೆಂದು ಈಗ ಚೆನ್ನಾಗಿ ನೆನಪಾಯಿತು.

ಮಗಳು ಕೂಗಾಡಿದ್ದರೆ ಅವನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಅವಳು ಇನ್ನೊಂದು ಮಾತಾಡದೆ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅದರ ಚಿಲಕವನ್ನು ಒಂದು ಹೇರ್‌ಪಿನ್ನಿನಿಂದ ತೆಗೆಯಬಲ್ಲವನು ಹೊರಗೆ ನಿಂತು ಕೈ ಕೈ ಹಿಸುಕಿಕೊಂಡ. ತನ್ನ ಒಣ ಜಂಬಕ್ಕೆ ಮಗಳ ಬಾಳು ಹಾಳಾಯಿತಲ್ಲ ಎಂದು ಅವನಿಗೆ ಅಳುವೇ ಬಂತು.

ಕೂಡಲೇ ಅಧಿಕಾರಿಗಳಿಗೆ ಫೋನು ಮಾಡಿದ. "ಸಾರ್, ದೊಡ್ಡ ಅನರ್ಥ ಆಗಿದೆ. ಅಲ್ಲಿ ಬೀಗ ಅಂದ್ರೆ ಬೀಗ ಸಾರ್, ನೀವಲ್ಲ!"

"ಬೀಗ ಅಂದ್ರೆ ನಾನಲ್ಲದೆ ಇನ್ಯಾರು? ಮಗಳಿಗೆ ಬೇರೆ ಕಡೇನೂ ನೋಡಿಟ್ಟಿದ್ದೀರಾ?"

"ಅಯ್ಯೋ ಇಲ್ಲ ಸಾರ್! ನೀವೇ ಬೀಗ!"

"ಅದನ್ನೇ ನಾನೂ ಹೇಳ್ತಿರೋದು."

"ಬೀಗ ಅಂದ್ರೆ ಆ ಬೀಗ ಅಲ್ಲ ಸಾರ್, ಬಾಗಿಲಿಗೆ ಹಾಕೋ ಬೀಗ!"

"ನೀವು ಬೀಗ ರಿಪೇರಿ ಮಾಡೋವರು ಅಂತ ನನಗೆ ಗೊತ್ತಿಲ್ವೇನ್ರೀ? ಆ ಮರೆಯಲ್ಲಿ ನಿಂತು ಹೊಡೆದಿದ್ದೀರಿ. ಏಕವಚನದಲ್ಲಿ ಬರೆದಿದ್ರೆ ಸಹಿಸಿಕೊಳ್ತಿದ್ದೆ. ಅದು ಹಟ ಮಾಡುತ್ತೆ, ಅದು ಬಾಯಿ ಬಿ‌ಡಲ್ಲ! ಕಚೇರಿಯಲ್ಲಿ ನನ್ನ ಕಂಡ್ರೆ ಎಲ್ಲರೂ ಎದ್ದು ನಿಲ್ತಿದ್ರು. ಅಂಥವನನ್ನ ನಪುಂಸಕಲಿಂಗಕ್ಕೆ ಇಳಿಸಿಬಿಟ್ರಲ್ಲ!"

"ಸಾರ್, ಬೀಗಕ್ಕೆ ಬೇರೆ ಲಿಂಗ ಇಲ್ಲ ಸಾರ್!"

ಇದು ವ್ಯಾಕರಣದ ಪ್ರಕಾರ ಸರಿಯೇ. ಆದರೆ ಫೋನು ಕಟ್ಟಾಯಿತು.

ಉಳಿದದ್ದು ಒಂದೇ ದಾರಿ. ಯಾವ ಅಡ್ಡಗೆರೆಯನ್ನು ಸಭೆ ಸೇರಿಸಿ ಓಡಿಸಿದ್ದರೋ ಅದನ್ನೇ ಕೈಮುಗಿದು ಕರೆತರಬೇಕು. ಶನಿವಾರ ಚಾವಿಯಣ್ಣ ಅಂಗಡಿಯಲ್ಲಿ, ಅವಸರದ ಗಿರಾಕಿಯೊಬ್ಬನಿಗೆ ಚಾವಿ ಕೊರೆಯುತ್ತಾ, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಬಾಮೈದನೊಡನೆ ಮಾತಾಡಿದ.

"ಗೆರೆ ಹಾಕಪ್ಪಾ. ಹೊಸ ವಿಳಾಸ ಮಾಡು. ಹಳೇದಕ್ಕೆ ಬಂದವರೂ ಹೊಸದಕ್ಕೇ ಹೋಗೋ ಹಾಗೆ ಮಾಡು."

"ಆಯ್ತು ಭಾವ. ಗೆರೆ ಎಲ್ಲಿಗೆ?"

"ಬೀಗ..." ಎನ್ನುವಷ್ಟರಲ್ಲಿ ಯಂತ್ರ ಹಿತ್ತಾಳೆಯನ್ನು ಕಚ್ಚಿ ರ್‌ರ್‌ರ್ ಎಂದಿತು. "...ಆದ್ಮೇಲೆ!"

"ಬೀಗರ ಆದ್ಮೇಲೆ?"

"ಹೂಂ, ಹೂಂ, ಅದೇ! ಬೀಗ, ರ್‌ರ್‌ರ್, ಆದ್ಮೇಲೆ!"

ಬಾಮೈದನಿಗೆ ಸ್ವಲ್ಪ ವಿಚಿತ್ರವೆನಿಸಿತಂತೆ. ಆದರೆ ಬೀಗರ ಹಾಸ್ಯವೆಂದೇ ಜನ ಮುಗಿಬಿದ್ದು ನೋಡುತ್ತಿರುವಾಗ ಭಾವನೂ ಅದಕ್ಕೇ ಒಗ್ಗಿಕೊಂಡಿರಬೇಕು ಎಂದುಕೊಂಡು ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ. ಭಾನುವಾರ ಬೆಳಗ್ಗೆ ಹೊಸ ವಿಳಾಸ ಬಂತು. ನಡುವೆ ಒಂದು ಗೆರೆ ಇರುವುದು ಚಾವಿಯಣ್ಣನಿಗೆ ಕಾಣಿಸಿತು. ಅಷ್ಟು ಸಾಕಾಯಿತು. ಅದನ್ನು ಹಾಗೆಯೇ ಅಧಿಕಾರಿಗಳಿಗೆ ರವಾನಿಸಿ ಬರೆದ: "ಮಾನ್ಯರೇ, ಅಡ್ಡಗೆರೆ ಹಾಕಿಸಿ ಅರ್ಥವನ್ನು ಖಚಿತಪಡಿಸಿದ್ದೇನೆ. ನನ್ನ ಮನಸ್ಸಿನಲ್ಲಿ ಇದ್ದದ್ದು ಏನೆಂದು ಇನ್ನು ಯಾರಿಗೂ ಅನುಮಾನ ಬರಲಾರದು."

ಅಧಿಕಾರಿಗಳು, ಅವರ ಹೆಂಡತಿ, ಹುಡುಗ ಮೂವರೂ ಬಂದರು. ಹುಡುಗ ಬಾಗಿಲ ಬಳಿಯೇ ನಿಂತ. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಬಾಮೈದನೂ, ಯಾರೂ ಕರೆಯದಿದ್ದರೂ ಕ್ಷೌರದಂಗಡಿಯವನೂ ಹಾಜರಿದ್ದರು. ಬಿಸ್ಕತ್ತಿನ ತಟ್ಟೆಯನ್ನು ಅಧಿಕಾರಿಗಳು ಮುಟ್ಟಲಿಲ್ಲ. ಫೋನನ್ನು ಮೇಜಿನ ಮೇಲಿಟ್ಟು ಚಾವಿಯಣ್ಣನ ಕಡೆ ತಳ್ಳಿದರು.

"ಓದಿ."

beegara-hasya ಎಂದಿತ್ತು.

"ಎಷ್ಟು ನೀಟಾಗಿ ಕೂತಿದೆ ನೋಡಿ ಭಾವ ಗೆರೆ!" ಎಂದ ಬಾಮೈದ. ಚಾವಿಯಣ್ಣನ ಹೆಂಡತಿ ತಮ್ಮನ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು.

"ಸಾರ್, ಇದು ಆ ಯಂತ್ರ... ರ್‌ರ್‌ರ್ ಅಂತು ಸಾರ್..." ಎಂದು ಚಾವಿಯಣ್ಣ ತೊದಲಿದ.

"ಸಾಕು. ಇಷ್ಟು ದಿನ ಅನುಮಾನ ಇತ್ತು, ನೀವೇ ಪರಿಹಾರ ಮಾಡಿದ್ರಿ. ನಾನು ಅಳತೆ ತಪ್ಪದ ಮನುಷ್ಯ. ಪೂರ್ತಿ ಓದಿ, ಎಲ್ಲರ ಮುಂದೆ ಓದಿ, ಆಮೇಲೆ ಎದ್ದು ಹೋಗ್ತೀನಿ." ಕನ್ನಡಕ ಏರಿಸಿಕೊಂಡು, ತೀರ್ಪು ಓದುವ ದನಿಯಲ್ಲಿ ಶುರು ಮಾಡಿದರು. "ಹಳೇ ಬೀಗ ಹಟ ಮಾಡುತ್ತಿದೆಯೇ?"

ಪಕ್ಕದಲ್ಲಿ ಕುಳಿತಿದ್ದ ಬೀಗಿತ್ತಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಪಾಪ, ಅಳುತ್ತಿದ್ದಾರೆ ಎಂದುಕೊಂಡ ಚಾವಿಯಣ್ಣ.

"ನೋಡಲು ದಪ್ಪವಾಗಿದ್ದ ಮಾತ್ರಕ್ಕೆ ಬೀಗ ಗಟ್ಟಿ ಎಂದುಕೊಳ್ಳಬೇಡಿ."

ಬೀಗಿತ್ತಿಯ ಭುಜಗಳು ಕುಲುಕತೊಡಗಿದವು.

"ಬೆಳಗ್ಗೆ ಬೆಳಗ್ಗೆ ಕೆಲವು ಬೀಗ ಬಾಯಿ ಬಿಡುವುದಿಲ್ಲ. ಸ್ವಲ್ಪ ಬಿಸಿ ತಾಗಿಸಿದರೆ..."

"ಇದು ಇವರಿಗೆ ಹೇಗ್ರೀ ಗೊತ್ತಾಯ್ತು?" ಎಂದು ಬೀಗಿತ್ತಿ ಸ್ಫೋಟಿಸಿದರು. ಅಳುವಲ್ಲ, ನಗು. ತಡೆದು ತಡೆದು ಇಟ್ಟಿದ್ದ ನಗು ಒಮ್ಮೆಲೇ ನುಗ್ಗಿ ಬಂತು. "ಬಿಸಿ ಕಾಫಿ ಲೋಟ ಕೈಗೆ ಕೊಡೋವರೆಗೂ ಒಂದು ಮಾತಿಲ್ಲ! ಮದುವೆಯಾದ ಮಾರನೇ ದಿನದಿಂದ ನೋಡ್ತಿದ್ದೀನಿ! ಯಾರಾದ್ರೂ ಒಬ್ಬರು ಬಾಯಿಬಿಟ್ಟು ಹೇಳಲಿ ಅಂತ ಕಾದಿದ್ದೆ ಕಣ್ರೀ!"

ಬಾಗಿಲ ಬಳಿ ಹುಡುಗ ಗೋಡೆಯ ಕಡೆ ತಿರುಗಿಕೊಂಡ. ಕ್ಷೌರದಂಗಡಿಯವನು ಮೇಜಿನ ಕೆಳಗೆ ಏನನ್ನೋ ಹುಡುಕತೊಡಗಿದ.

ನಗದೇ ಇದ್ದವರು ಇಬ್ಬರೇ. ಅಧಿಕಾರಿಗಳು ಹೆಂಡತಿಯನ್ನು ನೋಡಿದರು. ಅವರ ದನಿ ಇಳಿದುಹೋಗಿತ್ತು. "ನೀನೂನಾ? ಕೆಲಸದಿಂದ ಇಳಿದ ಮೇಲೆ ಹೊರಗಡೆಯವರಿಗೆ ನಾನು ಹಾಸ್ಯದ ವಸ್ತು ಆದೆ ಅಂದ್ಕೊಂಡಿದ್ದೆ. ಮನೇಲೂ ಅಷ್ಟೇನಾ?"

ಆ ಕ್ಷಣದಲ್ಲಿ ಚಾವಿಯಣ್ಣನಿಗೆ ತನ್ನ ಮಗಳಿಗಿಂತ ಈ ಮನುಷ್ಯನನ್ನು ಕಂಡೇ ಹೆಚ್ಚು ದುಃಖವಾಯಿತು. ಬಿಸ್ಕತ್ತಿನ ತಟ್ಟೆಯನ್ನು ಅವರ ಹತ್ತಿರ ಸರಿಸಿದ, ಅಷ್ಟೇ. ಇವತ್ತಿನವರೆಗೆ ಆಡಿದ ಒಂದೊಂದು ಮಾತೂ ಅವನನ್ನು ಇನ್ನಷ್ಟು ಆಳಕ್ಕೆ ತಳ್ಳಿತ್ತು.

ಅಧಿಕಾರಿಗಳು ಅಳತೆ ತಪ್ಪದವರಲ್ಲವೇ, ಪೂರ್ತಿ ಓದುತ್ತೇನೆಂದು ಹೇಳಿದ ಮೇಲೆ ಓದಲೇಬೇಕು. ಮತ್ತೆ ಬೆರಳಿನಿಂದ ಪರದೆಯನ್ನು ಮೇಲಕ್ಕೆ ಸರಿಸಿದರು. ಬಿಚ್ಚಿ, ತೊಳೆದು, ಒಣಗಿಸುವ ಸಾಲನ್ನು ಸದ್ದಿಲ್ಲದೆ ದಾಟಿದರು. ಅಂಗಡಿಯ ವಿಳಾಸ, ಫೋನ್ ನಂಬರು ದಾಟಿದರು. ಎಲ್ಲಕ್ಕಿಂತ ಕೆಳಗೆ, ನಂಬರು ಬಂದಲ್ಲಿಗೆ ಪುಟ ಮುಗಿಯಿತೆಂದುಕೊಂಡು ಅವರೂ ಸೇರಿದಂತೆ ಅಲ್ಲಿಯವರೆಗೆ ಯಾರೂ ಹೋಗಿರದ ಜಾಗದಲ್ಲಿ ಇನ್ನೊಂದು ಮಾತಿತ್ತು. ಅದನ್ನು ಮನಸ್ಸಿನಲ್ಲೇ ಓದಿಕೊಂಡರು. ಆಮೇಲೆ ನಿಧಾನವಾಗಿ ಗಟ್ಟಿಯಾಗಿ ಓದಿದರು.

"ಹಳೇ ಬೀಗವನ್ನು ಕಿತ್ತು ಮೂಲೆಗೆ ಎಸೆಯಬೇಡಿ. ಹೊಸದಕ್ಕೆ ಹೊಳಪಿರುತ್ತದೆ, ನಿಜ. ಆದರೆ ಇಷ್ಟು ವರ್ಷ ಮಳೆಬಿಸಿಲಿನಲ್ಲಿ ನಿಂತು ನಿಮ್ಮ ಮನೆ ಕಾದದ್ದು ಇದೇ."

ಅಧಿಕಾರಿಗಳು ಕನ್ನಡಕ ತೆಗೆದು ಒರೆಸಿಕೊಂಡರು.

"ಒಂದು ಪ್ರಶ್ನೆ ಕೇಳ್ತೀನಿ, ನಿಜ ಹೇಳಿ. ಇದು ಬಾಗಿಲಿನ ಬೀಗದ ಬಗ್ಗೆ ಬರೆದದ್ದೋ, ನನ್ನ ಬಗ್ಗೆ ಬರೆದದ್ದೋ?"

ನಿಜ ಹೇಳಬೇಕೆಂದರೆ ಅದು ಹಿಂದಿನ ಬೀದಿಯ ಗೋದಾಮಿಗಿದ್ದ ಹಿತ್ತಾಳೆ ಬೀಗವೊಂದನ್ನು ನೆನೆಸಿಕೊಂಡು ಬರೆಸಿದ್ದು. ಬೀಗ ಅಂದ್ರೆ ಬೀಗ ಸಾರ್, ನೀವಲ್ಲ ಎಂದು ಬಡಕೊಂಡು ಬಡಕೊಂಡು ಗಂಟಲು ಒಣಗಿಸಿಕೊಂಡಿದ್ದ ಚಾವಿಯಣ್ಣ, ಈಗ ಮೊದಲ ಸಲ ಒಬ್ಬರು ಆ ಮಾತನ್ನು ನಂಬಲು ಸಿದ್ಧವಾಗಿ ಕುಳಿತಿರುವಾಗ, ಬಾಯಿ ತೆರೆದ. ಅಡುಗೆಮನೆಯ ಬಾಗಿಲಲ್ಲಿ ಮಗಳು ನಿಂತಿರುವುದು ಕಣ್ಣಿಗೆ ಬಿತ್ತು.

"ನಿಮ್ಮ ಬಗ್ಗೇನೇ ಸಾರ್" ಎಂದ.

"ಹಾಗಾದ್ರೆ ಮಿಕ್ಕಿದ್ದೆಲ್ಲವೂ ನನ್ನ ಬಗ್ಗೇನೇ!"

"ಇಲ್ಲ ಸಾರ್, ಇಲ್ಲ! ಮಿಕ್ಕಿದ್ದೆಲ್ಲ ಬೀಗದ ಬಗ್ಗೆ."

"ಇದೊಂದು ಮಾತ್ರ ನನ್ನ ಬಗ್ಗೆ?"

"ಇದೊಂದೇ ನಿಮ್ಮ ಬಗ್ಗೆ."

ಅಧಿಕಾರಿಗಳು ಈ ಉತ್ತರವನ್ನು ಬಹಳ ಹೊತ್ತು ತೂಗಿದರು. ಅದರಲ್ಲಿ ಎಷ್ಟು ಕಲಬೆರಕೆಯಿದೆಯೆಂಬುದು ಆ ಇಲಾಖೆಯಲ್ಲಿ ತಲೆ ನರೆಸಿಕೊಂಡವರಿಗೆ ತಿಳಿಯದೆ ಇರಲಾರದು. ಮಗನ ಕಡೆ ನೋಡಿದರು. ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಆಜ್ಞೆ ಹೊರಡಿಸುವ ಹಳೆಯ ದನಿಯಲ್ಲಿ ಹೇಳಿದರು:

"ಹೆಸರಿನಲ್ಲಿ ಗೆರೆ ಎಲ್ಲಿ ಬೇಕಾದ್ರೂ ಹಾಕ್ಕೊಳ್ಳಿ. ಆದ್ರೆ ಪುಟದಲ್ಲಿ ಈ ಕೊನೇ ಸಾಲಿನ ಮೇಲ್ಗಡೆ ಅಡ್ಡಲಾಗಿ ಒಂದು ಗೆರೆ ಎಳೀರಿ. ಮೇಲಿನದು ಬೀಗಕ್ಕೆ, ಕೆಳಗಿನದು ನನಗೆ. ಸ್ಪಷ್ಟವಾಗಿರಬೇಕು. ಗೊತ್ತಾಯ್ತಾ ಬೀಗರೇ?"

ಬೀಗರೇ ಎಂಬ ಆ ಒಂದು ಮಾತು ಕಿವಿಗೆ ಬಿದ್ದದ್ದೇ ತಡ, ಮಗಳು ಅಲ್ಲಿಯೇ ಬಾಗಿಲಿಗೆ ಒರಗಿಕೊಂಡು ಅತ್ತುಬಿಟ್ಟಳು. ಹುಡುಗ ಅಪ್ಪ ಅಮ್ಮನನ್ನು ದಾಟಿಕೊಂಡು ಒಳಗೆ ಓಡಿದ. ಅಧಿಕಾರಿಗಳು ಒಂದು ಬಿಸ್ಕತ್ತು ಎತ್ತಿಕೊಂಡು, ತೂಗದೆಯೇ ಬಾಯಿಗೆ ಹಾಕಿಕೊಂಡರು. ಮದುವೆ ಎಂದು, ಎಲ್ಲಿ, ಎಷ್ಟು ಜನ ಎಂಬ ಮಾತು ಶುರುವಾಯಿತು. ಕ್ಷೌರದಂಗಡಿಯವನು ಪ್ರತಿಯೊಂದಕ್ಕೂ ತನ್ನ ಅಭಿಪ್ರಾಯ ಹೇಳಿದ, ಯಾರೂ ಕೇಳಲಿಲ್ಲ.

ಹೊರಡುವಾಗ ಅಧಿಕಾರಿಗಳು ಮುಂದೆ ಮೆಟ್ಟಿಲಿಳಿಯುತ್ತಿದ್ದರು. ಬೀಗಿತ್ತಿ ಚಪ್ಪಲಿ ಹಾಕಿಕೊಳ್ಳುವ ನೆಪದಲ್ಲಿ ಹಿಂದೆ ಉಳಿದು, ಚಾವಿಯಣ್ಣನ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು:

"ಅಣ್ಣಾ, ಆ ಗೆರೆ ಎಳೆಯೋವಾಗ ಕೈ ಜಾರಿ ಸ್ವಲ್ಪ ಮೇಲಕ್ಕೆ ಹೋದ್ರೂ ನನ್ನದೇನೂ ತಕರಾರಿಲ್ಲ."